ಮನೆಹೆಸರೇ ವಿಳಾಸವಾಗಿರುವ ಜಿಲ್ಲೆಯಲ್ಲಿ: ಸಾಮಾಜಿಕ ಜಾಲತಾಣ ಬಳಸುವವರಿಗೆ ಒಂದು ಮಾರ್ಗದರ್ಶಿ

ಮೂರು ವರ್ಷದ ಹಿಂದೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮೂರಿನ ಹುಡುಗಿಯೊಬ್ಬಳು ಅಂಕಗಳ ಪ್ರಿಂಟೌಟ್ ಹಿಡಿದು ಗ್ರಂಥಾಲಯಕ್ಕೆ ಓಡಿ ಬಂದಳು. ಕೊಡಗು ಜಿಲ್ಲೆಯ ಪೊನ್ನಂಪೇಟೆ ತಾಲ್ಲೂಕಿನ ಒಂದು ಸಣ್ಣ ಊರಿನಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವವಳು ನಾನು. ಅವಳು ಪರೀಕ್ಷೆಗೆ ಓದಿದ್ದು ನಮ್ಮ ಕಿಟಕಿ ಪಕ್ಕದ ಮೇಜಿನಲ್ಲಿ. ಖುಷಿ ತಡೆಯಲಾಗದೆ ಅವಳ ಫೋಟೋ ತೆಗೆದೆ, ಜತೆಗೆ ಆ ಹಾಳೆಯ ಚಿತ್ರವನ್ನೂ ಸೇರಿಸಿ ಫೇಸ್‌ಬುಕ್ಕಿಗೂ ಎರಡು ವಾಟ್ಸಾಪ್ ಗ್ರೂಪಿಗೂ ಹಾಕಿದೆ. ಅಭಿನಂದಿಸುವವರಿಗೆ ಅನುಕೂಲವಾಗಲಿ ಎಂದು ತಂದೆಯ ಮೊಬೈಲ್ ನಂಬರನ್ನೂ ಬರೆದೆ.

ನಾಲ್ಕನೇ ದಿನ ಆ ತಂದೆಗೆ ಒಂದು ಕರೆ ಬಂತು. ನಿಮ್ಮ ಮಗಳಿಗೆ ವಿದ್ಯಾರ್ಥಿವೇತನ ಮಂಜೂರಾಗಿದೆ, ಶುಲ್ಕ ಕಟ್ಟಿದರೆ ಹಣ ಖಾತೆಗೆ ಬರುತ್ತದೆ ಎಂದರು. ಕರೆ ಮಾಡಿದವನು ಹುಡುಗಿಯ ಹೆಸರು, ಶಾಲೆ, ನೋಂದಣಿ ಸಂಖ್ಯೆ ಎಲ್ಲವನ್ನೂ ತಪ್ಪಿಲ್ಲದೆ ಹೇಳಿದ್ದರಿಂದ ಇವರು ನಂಬಿದರು. ತೋಟದ ಲೈನ್‌ಮನೆಯಲ್ಲಿ, ಅಂದರೆ ಕೆಲಸಗಾರರ ಸಾಲುಮನೆಯಲ್ಲಿ, ಇರುವ ಕುಟುಂಬ; ಹೋದದ್ದು ಎಂಟು ಸಾವಿರ ರೂಪಾಯಿ. ಅವರು ನನ್ನನ್ನು ಬೈಯಲಿಲ್ಲ. "ಅಕ್ಕಾ, ಅವನಿಗೆ ನಮ್ಮ ಪಾಪುವಿನ ನಂಬರ್ ಎಲ್ಲಿಂದ ಸಿಕ್ತು?" ಎಂದು ಮಾತ್ರ ಕೇಳಿದರು. ಸಿಕ್ಕಿದ್ದು ನನ್ನಿಂದ ಎಂದು ಹೇಳಿ, ಪೋಸ್ಟ್ ತೆಗೆಸಿ, ಅವರನ್ನು ಕರೆದುಕೊಂಡು ಠಾಣೆಗೆ ಹೋದೆ. ಹಣ ವಾಪಸ್ ಬರಲಿಲ್ಲ.

ಅಂದಿನಿಂದ ಶನಿವಾರ ಮಧ್ಯಾಹ್ನ ಊರಿನವರ ಜತೆ ಫೋನ್ ಹಿಡಿದು ಕೂರುತ್ತೇನೆ. ಅಜ್ಜಂದಿರು, ಕಾಲೇಜು ಮಕ್ಕಳು, ಹೋಂಸ್ಟೇ ನಡೆಸುವವರು ಎಲ್ಲರೂ ಬರುತ್ತಾರೆ. ಈ ಬರಹ ಆ ಶನಿವಾರಗಳಿಂದ ಬಂದದ್ದು. ನನ್ನ ಅನುಭವದಲ್ಲಿ ಕಂಡದ್ದು ಇಷ್ಟು: ನಮ್ಮ ಗುಟ್ಟನ್ನು ನಾವೇ ಬಿಟ್ಟುಕೊಡುವುದು ಕಡಿಮೆ; ಅಕ್ಕಪಕ್ಕದವರು ಪ್ರೀತಿಯಿಂದಲೇ ಬಿಟ್ಟುಕೊಡುತ್ತಾರೆ. ಆದ್ದರಿಂದ ಕೆಳಗಿನ ಹೆಜ್ಜೆಗಳಲ್ಲಿ ಅರ್ಧ ನಿಮ್ಮ ಫೋನಿಗೆ, ಉಳಿದರ್ಧ ನಿಮ್ಮ ಫೋನಿನೊಳಗೆ ಕೂತಿರುವ ಬೇರೆಯವರಿಗೆ.

ಹೆಜ್ಜೆ 1: ಈಗಾಗಲೇ ಹೊರಗೆ ಬಿದ್ದಿರುವುದನ್ನು ಎಣಿಸಿ

ಒಂದು ಹಾಳೆ, ಒಂದು ಪೆನ್ನು ತೆಗೆದುಕೊಳ್ಳಿ. ನಿಮ್ಮ ಸ್ನೇಹಿತರ ಪಟ್ಟಿಯಲ್ಲಿ ಇಲ್ಲದ ಯಾರದಾದರೂ ಫೋನಿನಿಂದ ನಿಮ್ಮ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪುಟ ತೆರೆಯಿರಿ. ಗೂಗಲ್‌ನಲ್ಲಿ ನಿಮ್ಮ ಹೆಸರನ್ನು ಮನೆಹೆಸರಿನೊಂದಿಗೂ, ಊರಿನೊಂದಿಗೂ, ಮೊಬೈಲ್ ನಂಬರಿನೊಂದಿಗೂ ಹುಡುಕಿ. ಕಂಡದ್ದನ್ನೆಲ್ಲ ಹಾಳೆಯಲ್ಲಿ ಬರೆಯಿರಿ.

ಕೊಡಗಿನಲ್ಲಿ ಈ ಲೆಕ್ಕ ಬೇರೆ ಕಡೆಗಿಂತ ಬೇಗ ತುಂಬುತ್ತದೆ. ಕೊಡವರಲ್ಲಿ ಮನೆತನದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಅರೆಭಾಷೆ ಗೌಡರಲ್ಲೂ ಮನೆಹೆಸರು ಉಂಟು. ಆ ಹೆಸರು ಕೇಳಿದ ಕೂಡಲೇ ಐನ್‌ಮನೆ (ಮನೆತನದ ಮೂಲಮನೆ) ಯಾವ ಊರಿನಲ್ಲಿದೆ, ನೆಂಟರು ಯಾರು ಎಂದು ಹೇಳಬಲ್ಲವರು ಪ್ರತಿ ಅಂಗಡಿಯಲ್ಲೂ ಸಿಗುತ್ತಾರೆ. 1997ರಲ್ಲಿ ಕರಡದಲ್ಲಿ ಶುರುವಾದ ಕೌಟುಂಬಿಕ ಹಾಕಿಯಲ್ಲಿ ತಂಡಗಳು ಕಣಕ್ಕಿಳಿಯುವುದೇ ಮನೆಹೆಸರಿನಲ್ಲಿ. ಇದು ನಮ್ಮ ಹೆಮ್ಮೆ, ಅದನ್ನು ಮುಚ್ಚಿಡಿ ಎಂದು ಯಾರೂ ಹೇಳಲಾರರು. ಆದರೆ ಬೆಂಗಳೂರಿನಲ್ಲಿ ಒಬ್ಬರ ವಿಳಾಸ ಹುಡುಕಲು ಮನೆ ನಂಬರು, ಅಡ್ಡರಸ್ತೆ, ಪಿನ್‌ಕೋಡ್ ಬೇಕು. ಇಲ್ಲಿ ಹೆಸರೊಂದೇ ಸಾಕು. ಹಾಗಾಗಿ ಹೆಸರಿನ ಜತೆ ಇನ್ನೇನನ್ನು ಇಡುತ್ತೇವೆ ಎಂಬುದರಲ್ಲಿ ನಾವು ಇತರರಿಗಿಂತ ಬಿಗಿಯಾಗಿರಬೇಕು.

ಹಾಳೆಯಲ್ಲಿ ಇವು ಇದ್ದರೆ ಇವತ್ತೇ ತೆಗೆಯಿರಿ: ಹುಟ್ಟಿದ ವರ್ಷ (ದಿನ, ತಿಂಗಳು ಸ್ನೇಹಿತರಿಗೆ ಮಾತ್ರ ಕಾಣುವಂತೆ ಉಳಿಸಿಕೊಳ್ಳಬಹುದು), ಮೊಬೈಲ್ ನಂಬರು, ಇಮೇಲ್, ಮಕ್ಕಳ ಶಾಲೆಯ ಹೆಸರು, ತಾಯಿಯ ತವರುಮನೆ ಹೆಸರು. ಕೊನೆಯದನ್ನು ಹಲವರು ತಮಾಷೆ ಎಂದುಕೊಳ್ಳುತ್ತಾರೆ. ಖಾತೆಗಳ ಪಾಸ್‌ವರ್ಡ್ ಮರೆತಾಗ ಕೇಳುವ ಗುಟ್ಟಿನ ಪ್ರಶ್ನೆಗಳಲ್ಲಿ ಅದೂ ಒಂದು. ನಮ್ಮಲ್ಲಿ ಮದುವೆ ಕಾಗದದಲ್ಲೇ ಅದು ಅಚ್ಚಾಗಿರುತ್ತದೆ. ಆದ್ದರಿಂದ ಅಂಥ ಪ್ರಶ್ನೆಗೆ ನಿಜವಾದ ಉತ್ತರ ಕೊಡಬೇಡಿ. ನಿಮಗೆ ಮಾತ್ರ ಗೊತ್ತಿರುವ ಬೇರೆ ಪದ ಹಾಕಿ.

ನಂಬರು ಒಮ್ಮೆ ಹೊರಗೆ ಹೋದರೆ ಹಿಂದಕ್ಕೆ ಬರುವುದಿಲ್ಲ. 2021ರಲ್ಲಿ ಫೇಸ್‌ಬುಕ್ಕಿನ ಸುಮಾರು 53 ಕೋಟಿ ಖಾತೆಗಳ ಮಾಹಿತಿ, ಫೋನ್ ನಂಬರುಗಳೂ ಸೇರಿ, ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗುವಂತಾಯಿತು. ಅದಕ್ಕೂ ಮುಂಚೆ, ವ್ಯಕ್ತಿತ್ವ ಪರೀಕ್ಷೆಯ ಆ್ಯಪ್ ಒಂದರ ಮೂಲಕ ಫೇಸ್‌ಬುಕ್ ಬಳಸುವವರ ಮಾಹಿತಿ ಕೇಂಬ್ರಿಜ್ ಅನಲಿಟಿಕಾ ಎಂಬ ರಾಜಕೀಯ ಸಲಹಾ ಸಂಸ್ಥೆಯ ಕೈಸೇರಿದ ಪ್ರಕರಣದಲ್ಲಿ, ಭಾರತದ ಸುಮಾರು 5.62 ಲಕ್ಷ ಜನರ ಮಾಹಿತಿ ಹೋಗಿರಬಹುದೆಂದು ಫೇಸ್‌ಬುಕ್ ಕಂಪನಿಯೇ 2018ರಲ್ಲಿ ಹೇಳಿತು. ಇದರಲ್ಲಿ ಗಮನಿಸಬೇಕಾದದ್ದು: ಆ ವ್ಯಕ್ತಿತ್ವ ಪರೀಕ್ಷೆಯ ಆ್ಯಪ್ ಹಾಕಿಕೊಂಡವರು ಭಾರತದಲ್ಲಿ ಕೆಲವು ನೂರು ಮಂದಿ ಮಾತ್ರ. ಉಳಿದವರೆಲ್ಲ ಅವರ ಸ್ನೇಹಿತರ ಪಟ್ಟಿಯಲ್ಲಿದ್ದ ತಪ್ಪಿಗೆ ಸಿಕ್ಕಿಬಿದ್ದವರು. "ಹಿಂದಿನ ಜನ್ಮದಲ್ಲಿ ನೀವು ಏನಾಗಿದ್ದಿರಿ" ಎಂಬಂಥ ಆಟಗಳಿಗೆ ಫೇಸ್‌ಬುಕ್ ಖಾತೆಯಿಂದ ಒಪ್ಪಿಗೆ ಕೊಡುವಾಗ ಇದು ನೆನಪಿರಲಿ.

ಹೆಜ್ಜೆ 2: ಬಾಗಿಲಿಗೆ ಎರಡು ಬೀಗ

ವಾಟ್ಸಾಪ್‌ನಲ್ಲಿ ಸೆಟ್ಟಿಂಗ್ಸ್, ಅಲ್ಲಿಂದ ಅಕೌಂಟ್, ಅಲ್ಲಿ ಟು-ಸ್ಟೆಪ್ ವೆರಿಫಿಕೇಶನ್. ಆರು ಅಂಕಿಯ ಪಿನ್ ಹಾಕಿ, ಮರೆತರೆ ಬೇಕಾಗುತ್ತದೆಂದು ಇಮೇಲ್ ವಿಳಾಸವನ್ನೂ ಕೊಡಿ. ಹುಟ್ಟಿದ ದಿನ, ಗಾಡಿ ನಂಬರು ಬೇಡ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಜಿಮೇಲ್‌ನಲ್ಲೂ ಇದೇ ರೀತಿಯ ಎರಡನೇ ಬೀಗ ಇದೆ. ಮೊದಲು ಜಿಮೇಲ್‌ಗೆ ಹಾಕಿ. ಇಮೇಲ್ ಕೈತಪ್ಪಿದರೆ ಉಳಿದೆಲ್ಲ ಖಾತೆಗಳ ಪಾಸ್‌ವರ್ಡ್ ಬದಲಿಸುವ ದಾರಿ ಕಳ್ಳನ ಕೈಯಲ್ಲಿರುತ್ತದೆ.

ಆಮೇಲೆ ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್ ನೋಡಿ. ಗೋಣಿಕೊಪ್ಪದ ಯಾವುದೋ ಅಂಗಡಿಯಲ್ಲಿ ಪ್ರಿಂಟ್ ತೆಗೆಸಲು ವಾಟ್ಸಾಪ್ ವೆಬ್ ತೆರೆದು ಹಾಗೆಯೇ ಬಿಟ್ಟು ಬಂದವರು ನನ್ನ ಬಳಿ ಬಂದವರಲ್ಲಿ ತುಂಬ ಜನ. ಗೊತ್ತಿಲ್ಲದ ಕಂಪ್ಯೂಟರ್ ಹೆಸರು ಕಂಡರೆ ಅದರ ಮೇಲೆ ಒತ್ತಿ ಲಾಗೌಟ್ ಮಾಡಿ. ಪ್ರಿಂಟಿಗೆ ಕಳಿಸುವಾಗ ಅಂಗಡಿಯವರ ಇಮೇಲ್‌ಗೆ ಕಳಿಸಿ, ಕೆಲಸ ಮುಗಿದ ಮೇಲೆ ಅವರ ಎದುರೇ ಅಳಿಸಲು ಹೇಳಿ. ಅಂಗಡಿಯವರು ಬೇಸರ ಮಾಡಿಕೊಳ್ಳುವುದಿಲ್ಲ, ಕೇಳಿ ನೋಡಿ.

ಒಟಿಪಿ ಯಾರಿಗೂ ಹೇಳಬಾರದು ಎಂಬುದು ಈಗ ಮಕ್ಕಳಿಗೂ ಗೊತ್ತು. ಅದಕ್ಕೇ ವಂಚಕರು ದಾರಿ ಬದಲಿಸಿದ್ದಾರೆ. "ಪಾರ್ಸೆಲ್ ಬಂದಿದೆ, ಮನೆ ಸಿಗುತ್ತಿಲ್ಲ, ಈ ನಂಬರಿಗೆ ಡಯಲ್ ಮಾಡಿ" ಎಂದು ನಕ್ಷತ್ರ ಚಿಹ್ನೆಯಿಂದ ಶುರುವಾಗುವ ಒಂದು ಕೋಡ್ ಹೇಳುತ್ತಾರೆ. ಅದನ್ನು ಒತ್ತಿದರೆ ನಿಮ್ಮ ಕರೆಗಳು ಅವರ ಫೋನಿಗೆ ತಿರುಗಬಹುದು. ಕರೆಯಲ್ಲಿ ಬರುವ ಒಟಿಪಿಯೂ ಅವರಿಗೇ ಹೋಗುತ್ತದೆ. ನಮ್ಮಲ್ಲಿ ಮನೆಗಳು ತೋಟದೊಳಗೆ ಕಿಲೋಮೀಟರ್ ದೂರ ಇರುವುದರಿಂದ ಪಾರ್ಸೆಲ್‌ನವರು ದಾರಿ ಕೇಳುವುದು ದಿನನಿತ್ಯದ ಮಾತು. ಈ ಮೋಸ ಇಲ್ಲಿ ಸುಲಭವಾಗಿ ಹಿಡಿಯುವುದು ಅದಕ್ಕೇ. ಒತ್ತಿಬಿಟ್ಟಿದ್ದರೆ ##002# ಡಯಲ್ ಮಾಡಿ, ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ.

ಹೆಜ್ಜೆ 3: ಯಾರಿಗೆ ಏನು ಕಾಣಬೇಕು

ಇದು ಇಪ್ಪತ್ತು ನಿಮಿಷದ ಕೆಲಸ. ವಾಟ್ಸಾಪ್‌ನ ಪ್ರೈವೆಸಿ ವಿಭಾಗದಲ್ಲಿ ಪ್ರೊಫೈಲ್ ಫೋಟೋ, ಅಬೌಟ್, ಲಾಸ್ಟ್ ಸೀನ್ ಮೂರನ್ನೂ ಮೈ ಕಾಂಟ್ಯಾಕ್ಟ್ಸ್‌ಗೆ ಇಳಿಸಿ. ಗ್ರೂಪ್ಸ್ ಎಂಬಲ್ಲಿಯೂ ಹಾಗೆಯೇ ಮಾಡಿದರೆ, ಷೇರು ಮಾರುಕಟ್ಟೆಯ ಹೆಸರಿನಲ್ಲಿ ಅಪರಿಚಿತರು ನಿಮ್ಮನ್ನು ಎಳೆದು ಹಾಕುವ ಗ್ರೂಪುಗಳು ನಿಲ್ಲುತ್ತವೆ. ಫೇಸ್‌ಬುಕ್ಕಿನಲ್ಲಿ ಪ್ರೊಫೈಲ್ ಲಾಕ್ ಹಾಕಿ. 2020ರಲ್ಲಿ ಭಾರತದ ಹೆಣ್ಣುಮಕ್ಕಳನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟು ತಂದ ಸೌಲಭ್ಯ ಅದು. ಹಳೆಯ ಪೋಸ್ಟ್‌ಗಳನ್ನೆಲ್ಲ ಒಂದೇ ಸಲಕ್ಕೆ ಸ್ನೇಹಿತರಿಗೆ ಮಾತ್ರ ಸೀಮಿತಗೊಳಿಸುವ ಲಿಮಿಟ್ ಪಾಸ್ಟ್ ಪೋಸ್ಟ್ಸ್ ಎಂಬ ಗುಂಡಿ ಇದೆ. ಸ್ನೇಹಿತರ ಪಟ್ಟಿಯನ್ನು ಓನ್ಲಿ ಮಿ ಮಾಡಿ. ನಕಲಿ ಖಾತೆ ತೆರೆಯುವವರು ಮೊದಲು ನೋಡುವುದು ಆ ಪಟ್ಟಿಯನ್ನೇ: ನಿಮ್ಮ ಫೋಟೋ ಕದ್ದು, ನಿಮ್ಮ ಸ್ನೇಹಿತರಿಗೆ "ಆಸ್ಪತ್ರೆಯಲ್ಲಿದ್ದೇನೆ, ತುರ್ತಾಗಿ ಹಣ ಬೇಕು" ಎಂದು ಬರೆಯಲು. ಪಟ್ಟಿ ಕಾಣದಿದ್ದರೆ ಯಾರಿಗೆ ಬರೆಯಬೇಕೆಂದೇ ಗೊತ್ತಾಗುವುದಿಲ್ಲ.

ಟ್ಯಾಗ್ ರಿವ್ಯೂ ಚಾಲೂ ಇಡಿ. ಬೇರೆಯವರು ನಿಮ್ಮ ಹೆಸರು ಹಚ್ಚಿದ ಚಿತ್ರ ನಿಮ್ಮ ಪುಟದಲ್ಲಿ ಕಾಣುವ ಮೊದಲು ನಿಮ್ಮನ್ನು ಕೇಳುತ್ತದೆ. ಕಾಲೇಜಿನ ಮಕ್ಕಳಿಗೆ ಇನ್‌ಸ್ಟಾಗ್ರಾಂ ಪ್ರೈವೇಟ್ ಇಟ್ಟುಕೊಳ್ಳಿ ಎಂದರೆ ರೀಲ್ಸ್ ಯಾರೂ ನೋಡುವುದಿಲ್ಲ ಎಂದು ಮುಖ ಸಪ್ಪೆ ಮಾಡುತ್ತಾರೆ. ಅವರಿಗೆ ನಾನು ಹೇಳುವುದು: ನೃತ್ಯ, ಹಾಕಿ, ಅಡುಗೆಗೆ ಒಂದು ಸಾರ್ವಜನಿಕ ಖಾತೆ ಇರಲಿ, ಮನೆ ಮತ್ತು ಗೆಳೆಯರಿಗೆ ಇನ್ನೊಂದು ಖಾಸಗಿ ಖಾತೆ ಇರಲಿ, ಎರಡನ್ನೂ ಬೆರೆಸಬೇಡಿ.

ಫೋನಿನ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಆಫ್ ಮಾಡಿ. ವಾಟ್ಸಾಪ್‌ನಲ್ಲಿ ಮಾಮೂಲಿ ರೀತಿಯಲ್ಲಿ ಕಳಿಸಿದ ಫೋಟೋದಿಂದ ಜಾಗದ ವಿವರ ಕಳಚಿಹೋಗುತ್ತದೆ, ಆದರೆ ಅದೇ ಫೋಟೋವನ್ನು ಡಾಕ್ಯುಮೆಂಟ್ ಆಗಿಯೋ ಇಮೇಲ್‌ನಲ್ಲೋ ಕಳಿಸಿದರೆ ಅಕ್ಷಾಂಶ ರೇಖಾಂಶ ಸಮೇತ ಹೋಗುತ್ತದೆ.

ಹೆಜ್ಜೆ 4: ಹಾಕುವ ಮುಂಚೆ ಚಿತ್ರದ ಹಿನ್ನೆಲೆ ನೋಡಿ

ಫೋಟೋದಲ್ಲಿ ನಾವು ಮುಖ ನೋಡುತ್ತೇವೆ, ಕಳ್ಳ ಹಿಂದಿನದನ್ನು ನೋಡುತ್ತಾನೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಣದಲ್ಲಿ ಕಾಫಿ ಒಣಗುವ ಚಿತ್ರ ಎಲ್ಲರ ಸ್ಟೇಟಸ್‌ನಲ್ಲೂ ಇರುತ್ತದೆ. ಚೆಂದದ ಚಿತ್ರವೇ. ಅದರಲ್ಲಿ ಕಣ ಎಷ್ಟು ದೊಡ್ಡದು, ಗೋದಾಮಿನ ಬಾಗಿಲು ಎತ್ತ ಕಡೆ, ಮೂಟೆ ಎಷ್ಟು, ನಾಯಿ ಕಟ್ಟಿದೆಯೋ ಇಲ್ಲವೋ ಎಲ್ಲ ಕಾಣುತ್ತದೆ. ಮಾರನೇ ದಿನ ಅದೇ ಸ್ಟೇಟಸ್‌ನಲ್ಲಿ "ಕುಟುಂಬ ಸಮೇತ ಮದುವೆಗೆ, ವಿರಾಜಪೇಟೆ" ಎಂದು ಬರೆದರೆ ಕಳ್ಳನಿಗೆ ಕಾಗದ ಬರೆದಂತೆ. ಕಾಫಿ, ಕರಿಮೆಣಸಿನ ಮೂಟೆ ಕದ್ದ ಸುದ್ದಿ ಇಲ್ಲಿ ಹೊಸದಲ್ಲ. ಕಣದ ಚಿತ್ರವನ್ನು ಮಾಲು ಮಾರಿದ ಮೇಲೆ ಹಾಕಿ, ಪ್ರವಾಸದ ಚಿತ್ರವನ್ನು ಮನೆಗೆ ಬಂದ ಮೇಲೆ ಹಾಕಿ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋದವರು ಅಲ್ಲಿಂದಲೇ ಲೈವ್ ಮಾಡಬೇಕೆಂದಿದ್ದರೆ ಮನೆಯಲ್ಲಿ ಒಬ್ಬರಾದರೂ ಇರಲಿ.

ಆಯುಧ ಪೂಜಿಸುವ ಕೊಡವರ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ಹೂ ಇಟ್ಟು ಪೂಜಿಸುವುದು ನಮ್ಮ ಸಂಪ್ರದಾಯ. ಚಿತ್ರ ಹಾಕುವುದಿದ್ದರೆ ಹತ್ತಿರದಿಂದ, ಹೂವಿನ ಜತೆ ತೆಗೆದದ್ದನ್ನು ಹಾಕಿ. ಮನೆಯಲ್ಲಿ ಎಷ್ಟು ಕೋವಿ ಇದೆ, ಯಾವ ಕೋಣೆಯ ಯಾವ ಗೋಡೆಯಲ್ಲಿ ಎಂದು ತೋರುವ ಚಿತ್ರ ಬೇಡ. ರೀಲ್‌ಗಾಗಿ ಜನರ ನಡುವೆ ಗುಂಡು ಹಾರಿಸುವ ಹುಡುಗರಿಗೆ ಹೇಳಬೇಕಾದದ್ದು: 2019ರ ತಿದ್ದುಪಡಿಯ ನಂತರ, ಇತರರ ಸುರಕ್ಷತೆಗೆ ಅಪಾಯ ತರುವಂತೆ ಸಂಭ್ರಮಕ್ಕೆ ಗುಂಡು ಹಾರಿಸುವುದಕ್ಕೆ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಇದೆ. ಆ ವೀಡಿಯೊವೇ ಸಾಕ್ಷಿಯಾಗುತ್ತದೆ.

ಸೇನೆಯಲ್ಲಿ ಮಕ್ಕಳಿರುವ ಮನೆಗಳು ನಮ್ಮಲ್ಲಿ ಹೆಚ್ಚು. 2020ರ ಜುಲೈನಲ್ಲಿ ಸೇನೆ ತನ್ನ ಸಿಬ್ಬಂದಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯಲು ಹೇಳಿತು. ಮಗ ಅಲ್ಲಿ ಶಿಸ್ತಿನಿಂದ ಎಲ್ಲ ಅಳಿಸಿದ್ದಾಗ, ಇಲ್ಲಿ ಅಮ್ಮ "ನನ್ನ ಮಗ ಇವತ್ತು ರಜೆ ಮುಗಿಸಿ ಹೊರಟ" ಎಂದು ರೈಲು, ಊರು, ಘಟಕದ ಹೆಸರು ಸಮೇತ ಬರೆದರೆ ಆ ಶಿಸ್ತಿಗೆ ಏನು ಬೆಲೆ? ಮಗನನ್ನು ಕೇಳದೆ ಅವನ ಸಮವಸ್ತ್ರದ ಚಿತ್ರ ಹಾಕಬೇಡಿ.

ಆಧಾರ್ ವಿಷಯ ಬೇಗ ಹೇಳಿಬಿಡುತ್ತೇನೆ. ಯಾರಿಗಾದರೂ ಪ್ರತಿ ಕಳಿಸಬೇಕಾದರೆ ಮಾಸ್ಕ್ಡ್ ಆಧಾರ್ ಇಳಿಸಿಕೊಳ್ಳಿ, ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಬೆರಳಚ್ಚನ್ನು ಆಧಾರ್ ಆ್ಯಪ್‌ನಲ್ಲಿ ಲಾಕ್ ಮಾಡಬಹುದು. ಪಡಿತರಕ್ಕೆ ಹೆಬ್ಬೆಟ್ಟು ಒತ್ತುವ ದಿನ ತೆರೆದು, ಮತ್ತೆ ಮುಚ್ಚಿ.

ಹೆಜ್ಜೆ 5: ಬೇರೆಯವರ ಮುಖ, ಬೇರೆಯವರ ಕಾಗದ

ಇಲ್ಲಿಂದ ಮುಂದೆ ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಶನಿವಾರ ಬರುವವರು ಸೆಟ್ಟಿಂಗ್ಸ್ ಕಲಿತು ಎದ್ದು ಹೋಗುತ್ತಾರೆ, ಇದಕ್ಕೆ ಕೂರುವುದಿಲ್ಲ.

ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಕ್ಕು ತೋಟದ ಮಾಲೀಕನಿಗೆ ಎಷ್ಟಿದೆಯೋ ಲೈನ್‌ಮನೆಯವನಿಗೂ ಅಷ್ಟೇ ಇದೆ. ಆದರೆ ನಮ್ಮ ಗ್ರೂಪುಗಳಲ್ಲಿ ಏನು ನಡೆಯುತ್ತದೆ? ಅಸ್ಸಾಂನಿಂದಲೋ ಬೇರೆ ಜಿಲ್ಲೆಯಿಂದಲೋ ಕೆಲಸಕ್ಕೆ ಬಂದವರನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು, ಆಧಾರ್ ಕಾರ್ಡಿನ ಸಮೇತ "ಇವರ ಬಗ್ಗೆ ಯಾರಿಗಾದರೂ ಗೊತ್ತಾ?" ಎಂದು ಇನ್ನೂರು ಜನರ ಗ್ರೂಪಿಗೆ ಹಾಕುತ್ತಾರೆ. ಕೆಲಸಗಾರರ ವಿವರ ಠಾಣೆಗೆ ಕೊಡಬೇಕಿದ್ದರೆ ಠಾಣೆಗೆ ಕೊಡಿ. ಗ್ರೂಪಿಗೆ ಹಾಕಿದ ಚಿತ್ರ ಆ ಮನುಷ್ಯ ಊರು ಬಿಟ್ಟು ಹೋದ ಮೇಲೂ ಸುತ್ತುತ್ತಿರುತ್ತದೆ, ಎಲ್ಲೋ ಒಂದು ಕಳ್ಳತನವಾದಾಗ "ಇವನೇ ಇರಬೇಕು" ಎಂಬ ಮಾತಿನೊಂದಿಗೆ ತಿರುಗಿ ಬರುತ್ತದೆ. ನಿಮ್ಮ ಮಗ ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಹೋದಾಗ ಆ ಬೀದಿಯವರು ಅವನ ಫೋಟೋವನ್ನು ಹೀಗೆ ಹಾಕಿದರೆ ನಿಮಗೆ ಹೇಗನ್ನಿಸುತ್ತದೆ?

ಹೋಂಸ್ಟೇ ನಡೆಸುವವರು ಅತಿಥಿಗಳ ಗುರುತಿನ ಚೀಟಿಯ ಪ್ರತಿ ಪಡೆಯುವುದು ಅನಿವಾರ್ಯ. ಆದರೆ ಅದು ಇರುವುದು ಎಲ್ಲಿ? ಹೆಚ್ಚಿನವರ ಫೋನಿನ ಗ್ಯಾಲರಿಯಲ್ಲಿ, ಮಕ್ಕಳ ಹುಟ್ಟುಹಬ್ಬದ ಫೋಟೋಗಳ ಮಧ್ಯೆ. ಆ ಫೋನು ಕಳೆದರೆ ನೂರಾರು ಜನರ ಆಧಾರ್ ಕಳೆದಂತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು ಸರಳ: ಯಾವ ಕೆಲಸಕ್ಕೆ ಮಾಹಿತಿ ಪಡೆದಿರೋ ಆ ಕೆಲಸಕ್ಕಷ್ಟೇ ಬಳಸಿ, ಜೋಪಾನವಾಗಿಡಿ, ಕೆಲಸ ಮುಗಿದು ಕಾನೂನಿಗೂ ಬೇಡವಾದ ಮೇಲೆ ಅಳಿಸಿ. ಒಂದು ಪಾಸ್‌ವರ್ಡ್ ಇರುವ ಫೋಲ್ಡರ್ ಮಾಡಿ, ವಾಟ್ಸಾಪ್‌ನಲ್ಲಿ ಬಂದದ್ದನ್ನು ಅದಕ್ಕೆ ಸೇರಿಸಿ ಗ್ಯಾಲರಿಯಿಂದ ತೆಗೆಯಿರಿ. ಅತಿಥಿಗಳು ಬೆಂಕಿ ಸುತ್ತ ಕೂತು ಹಾಡಿದ ವೀಡಿಯೊವನ್ನು ನಿಮ್ಮ ಪುಟದ ಜಾಹೀರಾತಿಗೆ ಹಾಕುವ ಮುಂಚೆ ಅವರನ್ನು ಕೇಳಿ. ಯಾರು ಯಾರ ಜತೆ ಬಂದಿದ್ದರು ಎಂಬುದು ಅವರ ವಿಷಯ.

ಮಕ್ಕಳ ಚಿತ್ರಕ್ಕೆ ನಾನು ಇಟ್ಟುಕೊಂಡಿರುವ ನಿಯಮ: ಶಾಲೆಯ ಹೆಸರಿರುವ ಸಮವಸ್ತ್ರ ಬೇಡ, ಸ್ನಾನದ್ದೋ ಅಳುತ್ತಿರುವುದೋ ಬೇಡ, ಅಂಕಪಟ್ಟಿ ಬೇಡವೇ ಬೇಡ. ಹತ್ತು ವರ್ಷ ದಾಟಿದ ಮಗುವಾದರೆ ಅದನ್ನೇ ಕೇಳಿ. ಬೇಡ ಎಂದರೆ ಬೇಡ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆಗೆ ಕನಿಷ್ಠ ವಯಸ್ಸು 13 ಎಂಬುದನ್ನು ಸುಳ್ಳು ಹುಟ್ಟಿದ ವರ್ಷ ಕೊಟ್ಟು ದಾಟಿಸುವವರು ಹೆಚ್ಚಿನ ಸಲ ತಂದೆತಾಯಿಯರೇ. ಹಾಗೆ ಮಾಡಿದರೆ ಹದಿಹರೆಯದವರ ಖಾತೆಗೆ ಕಂಪನಿ ಇಟ್ಟಿರುವ ರಕ್ಷಣೆಗಳೂ ಮಗುವಿಗೆ ತಪ್ಪಿಹೋಗುತ್ತವೆ. ಲೈಂಗಿಕ ದೌರ್ಜನ್ಯಕ್ಕೊಳಗಾದ ಮಗುವಿನ ಅಥವಾ ಹೆಣ್ಣಿನ ಗುರುತು ಬಿಟ್ಟುಕೊಡುವುದು ಅಪರಾಧ. ಹೆಸರು ಹಾಕದೆ "ಇಂಥ ಮನೆಯ ಹಿರಿಮಗಳು" ಎಂದರೂ ನಮ್ಮ ಜಿಲ್ಲೆಯಲ್ಲಿ ಗುರುತು ಹೊರಬಿದ್ದಂತೆಯೇ.

ಇನ್ನು ಸಾವು. ನನ್ನ ಸೋದರಮಾವ ತೀರಿಕೊಂಡದ್ದು ನನಗೆ ತಿಳಿದದ್ದು ಗೋಣಿಕೊಪ್ಪದ ಬಸ್ಸಿನಲ್ಲಿ, ದೂರದ ಪರಿಚಯಸ್ಥರೊಬ್ಬರ ಸ್ಟೇಟಸ್‌ನಿಂದ. ಅವರ ಫೋಟೋ, ಕೆಳಗೆ ಓಂ ಶಾಂತಿ. ಆಗ ಅತ್ತೆ ಇನ್ನೂ ಆಸ್ಪತ್ರೆಯಲ್ಲಿದ್ದರು, ಮಗ ದುಬೈಯಲ್ಲಿದ್ದ, ಅವನಿಗೂ ಹಾಗೆಯೇ ಗೊತ್ತಾಯಿತು. ಹಾಕಿದವರ ಮನಸ್ಸಿನಲ್ಲಿ ಗೌರವವೇ ಇತ್ತು. ನಮ್ಮಲ್ಲಿ ಸಾವಿಗೆ ಊರೇ ಸೇರಬೇಕು, ಸುದ್ದಿ ಬೇಗ ಮುಟ್ಟಬೇಕು, ಅದು ಸರಿ. ಆದರೆ ಕ್ರಮ ಇರಲಿ: ಮೊದಲು ಮನೆಯವರಲ್ಲಿ ಒಬ್ಬರಿಗೆ ಕರೆ ಮಾಡಿ, "ಎಲ್ಲರಿಗೂ ತಿಳಿಸಿ ಆಯಿತಾ, ಗ್ರೂಪಿಗೆ ಹಾಕಬಹುದಾ" ಎಂದು ಕೇಳಿ. ಅವರು ಹೂಂ ಎನ್ನುವವರೆಗೆ ಕೈ ಕಟ್ಟಿಕೊಂಡಿರಿ. ಅಪಘಾತದ ಜಾಗದಲ್ಲಿ ಗಾಯಾಳುವಿನ ಚಿತ್ರ ತೆಗೆಯಲೇಬೇಡಿ. ಗಾಡಿ ನಂಬರು ಕಂಡರೆ ಸಾಕು, ಮನೆಯವರಿಗೆ ಗೊತ್ತಾಗಿಬಿಡುತ್ತದೆ.

ಹೆಜ್ಜೆ 6: ಫಾರ್ವರ್ಡ್ ಒತ್ತುವ ಬೆರಳು

2018ರ ಆಗಸ್ಟ್ ನಮಗೆ ಯಾರಿಗೂ ಮರೆತುಹೋಗಿಲ್ಲ. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬೆಟ್ಟಗೇರಿ ಕಡೆ ಗುಡ್ಡ ಜಾರಿದಾಗ ಇದೇ ವಾಟ್ಸಾಪ್ ಜೀವ ಉಳಿಸಿತು: ಯಾವ ರಸ್ತೆ ಮುಚ್ಚಿದೆ, ಯಾವ ಶಾಲೆಯಲ್ಲಿ ಊಟ ಇದೆ, ಯಾರಿಗೆ ಔಷಧಿ ಬೇಕು. ಅದೇ ವಾಟ್ಸಾಪ್‌ನಲ್ಲಿ ಹೆಸರಿಲ್ಲದ ಧ್ವನಿ ಸಂದೇಶವೊಂದು ನಮ್ಮ ಗ್ರೂಪಿಗೂ ಬಂತು, ಇವತ್ತು ರಾತ್ರಿ ಇನ್ನೊಂದು ಗುಡ್ಡ ಬರುತ್ತದೆ ಎಂದು. ನಮ್ಮ ಪಕ್ಕದ ಮನೆಯ ಅಜ್ಜಿ ಆ ಮಳೆಯಲ್ಲಿ ಅರ್ಧ ರಾತ್ರಿ ಅಂಗಳದಲ್ಲಿ ನಿಂತಿದ್ದರು. ಮಡಿಕೇರಿಯಲ್ಲಿ ಮನೆಯೊಂದು ಜಾರಿ ಕುಸಿದ ದೃಶ್ಯವನ್ನು ದೇಶವೆಲ್ಲ ನೋಡಿತು. ಈಗಲೂ ಪ್ರತಿ ಮಳೆಗಾಲ "ಈಗಷ್ಟೇ ಕೊಡಗಿನಲ್ಲಿ" ಎಂಬ ಒಕ್ಕಣೆಯೊಂದಿಗೆ ಅಂಥ ಹಳೆಯ ತುಣುಕುಗಳು ತಿರುಗಿ ಬರುತ್ತವೆ. ಆ ಮನೆ ಕಟ್ಟಿದವರೂ ಅದನ್ನು ಮತ್ತೆ ಮತ್ತೆ ನೋಡಬೇಕಾಗುತ್ತದೆ. ವಿಪತ್ತಿನ ಬಗ್ಗೆ ಸುಳ್ಳು ಎಚ್ಚರಿಕೆ ಹಬ್ಬಿಸಿ ದಿಗಿಲು ಹುಟ್ಟಿಸಿದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಸೆರೆವಾಸವಿದೆ.

2018ರದೇ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟ್ ಕೊಟ್ಟ ಹೈದರಾಬಾದಿನ ಯುವಕರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪ್‌ನಲ್ಲಿ ಸುದ್ದಿ ಹಬ್ಬಿಸಿ, ಜನ ರಸ್ತೆಗೆ ಅಡ್ಡಕಟ್ಟಿ ಹೊಡೆದರು. ಒಬ್ಬ ಸತ್ತ. ಅಂಥ ಸಾವುಗಳ ಸಾಲು ನೋಡಿಯೇ ವಾಟ್ಸಾಪ್ ಅದೇ ತಿಂಗಳು ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದಕ್ಕೆ ಇಳಿಸುವುದಾಗಿ ಹೇಳಿತು. ಈಗ ತುಂಬ ಸಲ ಫಾರ್ವರ್ಡ್ ಆದ ಸಂದೇಶಕ್ಕೆ ಜೋಡಿ ಬಾಣದ ಗುರುತು ಬರುತ್ತದೆ, ಅದನ್ನು ಒಂದು ಸಲಕ್ಕೆ ಒಬ್ಬರಿಗೋ ಒಂದು ಗ್ರೂಪಿಗೋ ಮಾತ್ರ ಕಳಿಸಬಹುದು. ಜೋಡಿ ಬಾಣ ಕಂಡರೆ ಕೈ ತಡೆಯಿರಿ.

ನಮ್ಮ ಊರಿನ ಗ್ರೂಪಿನಲ್ಲಿ ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಆನೆ ಬಂದ ಸುದ್ದಿ ಹಾಕುವವರು ಮೂರು ಮಾತು ಬರೆಯಲೇಬೇಕು: ಎಲ್ಲಿ, ಎಷ್ಟು ಗಂಟೆಗೆ, ಕಣ್ಣಾರೆ ಕಂಡವರು ಯಾರು. ತಾರೀಕಿಲ್ಲದ ಆನೆ ಸಂದೇಶದಿಂದ ಮಕ್ಕಳು ಶಾಲೆ ತಪ್ಪಿಸಿದ್ದುಂಟು, ಕೆಲಸದವರು ದಿನದ ಕೂಲಿ ಕಳೆದುಕೊಂಡದ್ದುಂಟು. ಆನೆ ಹಿಂದೆ ಫೋನ್ ಹಿಡಿದು ಓಡಿದ ವೀಡಿಯೊ ಯಾರಾದರೂ ಹಾಕಿದರೆ ಅಳಿಸುತ್ತೇವೆ. ಮಳೆ ಜೋರಾದ ದಿನಗಳಲ್ಲಿ ಗ್ರೂಪನ್ನು ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಬದಲಿಸಿ, ಜಿಲ್ಲಾಡಳಿತದ ಪ್ರಕಟಣೆ, ರಸ್ತೆಯ ಸ್ಥಿತಿ ಎರಡನ್ನೇ ಹಾಕುತ್ತೇವೆ.

ಅಡ್ಮಿನ್ ಆದವರು ಹೆದರಿಕೊಂಡಿರುವುದನ್ನು ನೋಡಿದ್ದೇನೆ. ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಕ್ರಿಮಿನಲ್ ಹೊಣೆಗಾರನಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲೂ ಕೇರಳ ಹೈಕೋರ್ಟ್ 2022ರಲ್ಲೂ ಹೇಳಿವೆ. ಹಾಗೆಂದು ಕಂಡೂ ಸುಮ್ಮನಿರುವುದು ಸರಿಯಲ್ಲ. ಡಿಲೀಟ್ ಮಾಡುವ ಅಧಿಕಾರ ನಿಮಗೆ ಕೊಟ್ಟಿರುವುದು ಬಳಸಲಿಕ್ಕೇ. ಹಾಕಿದವರು ಹಿರಿಯರಾದರೆ ಗ್ರೂಪಿನಲ್ಲಿ ತಿದ್ದಬೇಡಿ. ಅಳಿಸಿ, ಆಮೇಲೆ ಕರೆ ಮಾಡಿ ಮೆತ್ತಗೆ ಹೇಳಿ.

ಹೆಜ್ಜೆ 7: ಕೈಮೀರಿದಾಗ

ಹಣ ಹೋದರೆ ತಕ್ಷಣ 1930. ನೆಂಟರಿಗೆ ಹೇಳುವುದು, ಅಳುವುದು ಎಲ್ಲ ಆಮೇಲೆ. ಬೇಗ ತಿಳಿಸಿದಷ್ಟೂ ಹಣವನ್ನು ಮಧ್ಯದ ಖಾತೆಯಲ್ಲಿ ತಡೆಯುವ ಸಾಧ್ಯತೆ ಹೆಚ್ಚು. ನಾವು ಅಂದು ಠಾಣೆಗೆ ಹೋದದ್ದು ಮಾರನೇ ದಿನ ಮಧ್ಯಾಹ್ನ. ಅಷ್ಟರಲ್ಲಿ ಹಣ ಮೂರು ಖಾತೆ ದಾಟಿತ್ತು. ಮಳೆಗಾಲದಲ್ಲಿ ಇಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವುದರಿಂದ ಈ ನಂಬರನ್ನು ನಿಮ್ಮ ಬ್ಯಾಂಕಿನ ಸಹಾಯವಾಣಿಯ ಜತೆ ಕ್ಯಾಲೆಂಡರ್ ಮೇಲೆ ಬರೆದಿಡಿ, ಪಕ್ಕದ ಮನೆಯ ಫೋನಿನಿಂದಾದರೂ ಮಾಡಬಹುದು. ದೂರನ್ನು ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಜಾಲತಾಣದಲ್ಲೂ ದಾಖಲಿಸಬಹುದು. ಮಡಿಕೇರಿಯಲ್ಲಿ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳಿಗೆಂದೇ ಸೆನ್ ಪೊಲೀಸ್ ಠಾಣೆ ಇದೆ, ಹತ್ತಿರದ ಠಾಣೆಯಲ್ಲೂ ಕೊಡಬಹುದು.

ನಕಲಿ ಖಾತೆ ಕಂಡರೆ ಮೊದಲು ಅದರ ಕೊಂಡಿಯನ್ನು ನಕಲು ಮಾಡಿಕೊಳ್ಳಿ, ಸ್ಕ್ರೀನ್‌ಶಾಟ್ ತೆಗೆಯಿರಿ, ಆಮೇಲೆ ರಿಪೋರ್ಟ್ ಮಾಡಿ. ಉಲ್ಟಾ ಮಾಡಿದರೆ ಖಾತೆ ಮಾಯವಾಗಿ ಸಾಕ್ಷಿಯೂ ಹೋಗುತ್ತದೆ. ಇನ್ನೊಬ್ಬರ ಪಾಸ್‌ವರ್ಡಿನಂಥ ಗುರುತನ್ನು ಕದ್ದು ಬಳಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಇದೆ, ಬೇರೆಯವರಂತೆ ನಟಿಸಿ ಮೋಸ ಮಾಡುವುದಕ್ಕೆ 66ಡಿ. ಎರಡರಲ್ಲೂ ಮೂರು ವರ್ಷದವರೆಗೆ ಶಿಕ್ಷೆ.

ಖಾಸಗಿ ಚಿತ್ರ ತೋರಿಸಿ ಬೆದರಿಸುವವರ ವಿಷಯಕ್ಕೆ ಬಂದರೆ, ಮನೆಯ ಹಿರಿಯರಿಗೆ ಒಂದು ಮಾತು. ಹುಡುಗಿಯೋ ಹುಡುಗನೋ ನಿಮ್ಮ ಬಳಿ ಬಂದು ಹೇಳಿದ ಆ ಕ್ಷಣ "ನೀನು ಯಾಕೆ ಕಳಿಸಿದೆ" ಎಂದು ಕೇಳಬೇಡಿ. ಬೆದರಿಸುವವನ ಬಲವೆಲ್ಲ ಆ ಪ್ರಶ್ನೆಯ ಭಯದಲ್ಲೇ ಇರುವುದು. ಹತ್ತಿರ ಕೂರಿಸಿಕೊಂಡು, ಒಂದು ಲೋಟ ಕಾಫಿ ಕೊಟ್ಟು, ಫೋನ್ ತೆಗೆದುಕೊಳ್ಳಿ. ಹಣ ಕಳಿಸಬೇಡಿ, ಕೊಟ್ಟರೆ ಮತ್ತೆ ಕೇಳುತ್ತಾನೆ. ಮಾತುಕತೆ ಅಳಿಸಬೇಡಿ, ಅದೇ ಸಾಕ್ಷಿ. ಸ್ಟಾಪ್ ಎನ್‌ಸಿಐಐ ಡಾಟ್ ಆರ್ಗ್ ಎಂಬ ಜಾಲತಾಣದಲ್ಲಿ 18 ದಾಟಿದವರು ಚಿತ್ರವನ್ನು ಯಾರಿಗೂ ಕಳಿಸದೆಯೇ ಅದರ ಗುರುತಿನ ಸಂಖ್ಯೆಯನ್ನು ಮಾತ್ರ ತಮ್ಮ ಫೋನಿನಲ್ಲೇ ಸೃಷ್ಟಿಸಿ ಕೊಡಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮುಂತಾದವು ಆ ಗುರುತಿಗೆ ಹೊಂದುವ ಚಿತ್ರವನ್ನು ತಡೆಯುತ್ತವೆ. 18ರೊಳಗಿನವರಿಗೆ ಟೇಕ್ ಇಟ್ ಡೌನ್ ಎಂಬ ಅಂಥದ್ದೇ ಸೇವೆ ಇದೆ, ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಇಂಥ ಚಿತ್ರದ ಬಗ್ಗೆ ದೂರು ಬಂದರೆ ಬೇಗ ತೆಗೆಯಬೇಕೆಂಬ ಗಡುವನ್ನು 2021ರ ಐಟಿ ನಿಯಮಗಳು ಕಂಪನಿಗಳಿಗೆ ಹಾಕಿವೆ. ಅನುಮತಿಯಿಲ್ಲದೆ ಅಂಥ ಚಿತ್ರ ತೆಗೆಯುವುದೂ ಹಂಚುವುದೂ 66ಇ ಕಲಮಿನಡಿ ಅಪರಾಧ. ನಿಮಗೆ ಬಂದದ್ದನ್ನು ಇನ್ನೊಬ್ಬರಿಗೆ ದಾಟಿಸಿದರೆ ನೀವೂ ಹಂಚಿದವರೇ.

ಹೆಜ್ಜೆ 8: ಹಳೆಯ ಫೋನು, ಮತ್ತು ನಮ್ಮ ನಂತರ

ಫೋನ್ ಮಾರುವ ಮುಂಚೆ ಗೂಗಲ್ ಖಾತೆಯಿಂದ ಹೊರಬನ್ನಿ, ಫ್ಯಾಕ್ಟರಿ ರೀಸೆಟ್ ಮಾಡಿ, ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳಿ. ಕಳೆದುಹೋದರೆ ಸಂಚಾರ್ ಸಾಥಿ ಜಾಲತಾಣದಲ್ಲಿ ಆ ಫೋನನ್ನೇ ತಡೆಹಿಡಿಯಬಹುದು, ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದೂ ಅಲ್ಲೇ ಕಾಣುತ್ತದೆ. ಕೂಲಿ ಕೆಲಸದವರಿಗೆ ಇದನ್ನು ತೋರಿಸಿಕೊಡಿ. ತಮ್ಮ ಹೆಸರಿನಲ್ಲಿ ಯಾರೋ ತೆಗೆದ ಸಿಮ್ ಇರುವುದು ಅವರಲ್ಲಿ ಹಲವರಿಗೆ ತಿಳಿದಿರುವುದಿಲ್ಲ.

ಫೇಸ್‌ಬುಕ್ಕಿನ ಸೆಟ್ಟಿಂಗ್ಸ್‌ನಲ್ಲಿ ಲೆಗಸಿ ಕಾಂಟ್ಯಾಕ್ಟ್ ಎಂಬುದಿದೆ. ನಾವು ತೀರಿಕೊಂಡ ಮೇಲೆ ಪುಟವನ್ನು ನೋಡಿಕೊಳ್ಳುವವರನ್ನು ಅಲ್ಲಿ ಹೆಸರಿಸಬಹುದು. ಅವರು ಪ್ರೊಫೈಲ್ ಚಿತ್ರ ಬದಲಿಸಬಹುದು, ಒಂದು ಸಂದೇಶ ಮೇಲೆ ಇಡಬಹುದು, ಆದರೆ ನಮ್ಮ ಮಾತುಕತೆಗಳನ್ನು ಓದಲಾಗುವುದಿಲ್ಲ. ಪುಟವೇ ಬೇಡವೆಂದರೆ ಅಳಿಸಿಹೋಗುವಂತೆಯೂ ಬರೆದಿಡಬಹುದು. ಗೂಗಲ್‌ನಲ್ಲಿ ಇನ್ಯಾಕ್ಟಿವ್ ಅಕೌಂಟ್ ಮ್ಯಾನೇಜರ್ ಮೂಲಕ ಮೂರರಿಂದ ಹದಿನೆಂಟು ತಿಂಗಳವರೆಗಿನ ಅವಧಿ ಗೊತ್ತುಮಾಡಿ, ಅಷ್ಟು ಕಾಲ ಖಾತೆ ಬಳಸದಿದ್ದರೆ ಯಾರಿಗೆ ತಿಳಿಸಬೇಕೆಂದು ಹೇಳಬಹುದು. ಕಳೆದ ತಿಂಗಳು ಎಂಬತ್ತು ದಾಟಿದ ನಿವೃತ್ತ ಸುಬೇದಾರ್ ಒಬ್ಬರು ಇದನ್ನು ಮಾಡಿಸಿಕೊಳ್ಳಲೆಂದೇ ಕೋಲೂರಿಕೊಂಡು ಬಂದರು. ಮೊಮ್ಮಗಳ ಹೆಸರು ಹಾಕಿಸಿದರು. ಅವಳನ್ನು ಕೇಳಿದಿರಾ ಎಂದೆ. "ಕೇಳದೆ ಹಾಕಲಿಕ್ಕುಂಟಾ?" ಎಂದು ಅಲ್ಲೇ ಅವಳಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು.